ಹದಿನೆಂಟು ಪಾಯಿಂಟ್ ಸೊನ್ನೆ ಎರಡು

ಸುರುಳಿ ಬೀಳುತ್ತಿದೆ, ನೀಲಿ ಸುರುಳಿ, ಲೇತಿನ ಟೂಲಿನ ಮೂತಿಯಿಂದ ಎದ್ದು ಜಿಲೇಬಿಯ ಹಾಗೆ ಸುತ್ತಿಕೊಂಡು ಕೆಳಗಿನ ತೊಟ್ಟಿಗೆ, ಒಂದು ಮುರಿದು ಬೀಳುವಷ್ಟರಲ್ಲಿ ಇನ್ನೊಂದು, ಸುರುಳಿ ನೀಲಿಯಾದರೆ ಒಳ್ಳೇದು ಕಣಮ್ಮಾ, ಬಿಸಿಯೆಲ್ಲ ಅದರ ಜೊತೆ ಹೋಯ್ತು ಅಂತ ಅರ್ಥ, ಚಕ್ರ ನೀಲಿಯಾದರೆ ಮಾತ್ರ ಕೆಟ್ಟೆ ಅಂತ ತಿಳ್ಕೋ, ದೊರೈಸ್ವಾಮಿ ಮೇಸ್ತ್ರಿ ತಮಿಳಿನಲ್ಲಿ ಹೇಳಿದ್ದು ತಲೆಯೊಳಗೆ ಯಾವಾಗಲೋ ಕನ್ನಡವಾಗಿ ಕೂತುಬಿಟ್ಟಿದೆ, ಅವರು ರಿಟೈರಾಗಿ ಆರು ವರ್ಷ, ರೈಲಿನ ಚಕ್ರ ಕಡೆಯುವ ಈ ಲೇತಿನ ಮುಂದೆ ತನಗೆ ಹನ್ನೊಂದು ವರ್ಷ, ಕಲಾವತಿ ಕನ್ನಡಕದ ಮೇಲಿನ ಎಣ್ಣೆಯ ಹನಿಯನ್ನು ತೋಳಿನಿಂದ ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದಳು, ಹತ್ತೂ ನಲವತ್ತು, ಮಕ್ಕಳು ಹೊರಟಿರಬೇಕು, ಹತ್ತೂವರೆಗೆ ಹೊರಡ್ತೀವಿ ಅಂದಿದ್ದಳು ಚಿನ್ಮಯಿ, ಹಾಗೆ ಅಂದಳೇ, ಇಲ್ಲ, ಟೆನ್ ಥರ್ಟಿಗೆ ಕಿಳಂಬಿಡುವೋಂ ಮಾ ಅಂದಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಮನೆಯ ಪದ್ಧತಿಯೇ ಅದು, ಇಪ್ಪತ್ತೆರಡರ ಮಗಳು, ಲೈಸೆನ್ಸ್ ಬಂದು ವರ್ಷವಾಗಿದೆ, ಕಾರಿನಲ್ಲಿ ಪಕ್ಕದ ಸೀಟಿಗೆ ಹದಿನಾಲ್ಕರ ತಮ್ಮ ಅಜಿತ್, ಕಾಲುವಾರ್ಷಿಕ ಪರೀಕ್ಷೆ ಮುಗಿದ ರಜೆ, ಏಲಗಿರಿ ಬೆಟ್ಟದ ಮೇಲೆ ಸ್ಕೂಲ್ ಟೀಚರಾಗಿರುವ ಸೋದರತ್ತೆ ರಚನಾಳ ಮನೆಯಲ್ಲಿ ಮೂರು ದಿನ ಇದ್ದು ಇವತ್ತು ಇಳಿಯುತ್ತಾರೆ, ಮಧ್ಯಾಹ್ನ ಮೂರಕ್ಕೆಲ್ಲ ಪೆರಂಬೂರಿನ ಮನೆ, ಅನ್ನ ಇಟ್ಟು ಬಂದಿಲ್ಲ, ಶಿಫ್ಟು ಮುಗಿಸಿಕೊಂಡು ಹೋಗಿ ಇಡಬೇಕು, ಮಕ್ಕಳು ಹೋದ ದಿನ ರಚನಾ ಫೋನ್ ಮಾಡಿದ್ದಳು, ಅತ್ತಿಗೆ, ನಿಮ್ ಮಗಳು ಬಸ್ ಡ್ರೈವರ್ ಥರ ಹತ್ತಿಸ್ಕೊಂಡು ಬಂದ್ಬಿಟ್ಳು, ಒಂದ್ ತಿರುವಿನಲ್ಲೂ ಗಾಡಿ ಆಫ್ ಆಗ್ಲಿಲ್ವಂತೆ — ಹದಿನಾಲ್ಕು ತಿರುವು, ಹತ್ತುವುದು ಎಂಜಿನ್ನಿನ ಕೆಲಸ, ಇಳಿಯುವುದು ಬ್ರೇಕಿನ ಕೆಲಸ, ಆ ಬ್ರೇಕಿನ ಬಗ್ಗೆ ತನಗೇನೂ ಯೋಚನೆಯಿಲ್ಲ, ಅದನ್ನು ತಾನೇ ನಿಂತು ಮಾಡಿಸಿದ್ದು, ತಾನೇ ಅಳೆದದ್ದು.

ಆಗಸ್ಟಿನಲ್ಲಿ ಶುರುವಾಗಿತ್ತು ಅದು, ಬ್ರೇಕ್ ಒತ್ತಿದರೆ ಕುಯ್ಯೆನ್ನುವ ಸದ್ದು, ಮುಂದಿನ ಎರಡು ಚಕ್ರದಲ್ಲೂ ಪ್ಯಾಡ್ ಕಚ್ಚಿ ಹಿಡಿಯುವ ಬ್ರೇಕ್ ಡಿಸ್ಕಿನ ಮೇಲೆ ಹಳೇ ಗ್ರಾಮಫೋನ್ ಪ್ಲೇಟಿನ ಹಾಗೆ ಗೀರು, ಉಗುರು ಓಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ, ಗ್ಯಾರೇಜಿನ ಪ್ರವೀಣ್ ಗಾಡಿಯನ್ನು ಜಾಕಿ ಮೇಲೆ ಎತ್ತಿ ಒಂದೇ ಸಲ ಟಾರ್ಚ್ ಬಿಟ್ಟು ನೋಡಿ, ಡಿಸ್ಕ್ ಮಾತ್ತಿಡಲಾಂ ಮೇಡಂ, ಎರಡೂ ಹೊಸದು ಹಾಕ್ಬಿಡೋಣ ಅಂದ, ಯಾಕೆ, ಲೇತಿಗೆ ಕೊಟ್ಟು ಮಟ್ಟ ಮಾಡಿಸಿದರಾಗಲ್ವಾ ಅಂದರೆ ನಕ್ಕ, ಆ ನಗು, ಅದೆಲ್ಲ ಹಳೇ ಕಾಲ ಮೇಡಂ, ಈಗ ಯಾರೂ ಮಾಡಲ್ಲ, ನಿಮಗೆ ಹೇಳಿದರೆ ಅರ್ಥ ಆಗಲ್ಲ, ಸಾರ್ ಇರುಂದಾ ಕೂಟ್ಟಿಟ್ಟು ವಾಂಗ, ಸಾರನ್ನ ಕರ್ಕೊಂಡು ಬನ್ನಿ, ಅವರಿಗೆ ಹೇಳ್ತೀನಿ — ಸಾರ್ ಸತ್ತು ಹನ್ನೆರಡು ವರ್ಷವಾಯಿತಪ್ಪ, ಅಂತ ಅವಳು ಅನ್ನಲಿಲ್ಲ, ಸಾರ್ ಇದ್ದಿದ್ದರೂ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಗಂಡ ಮಧುಸೂದನ್ ಇದೇ ರೈಲ್ವೆ ವರ್ಕ್‌ಶಾಪಿನ ಟೈಮ್ ಆಫೀಸಿನಲ್ಲಿ ಗುಮಾಸ್ತ, ಸೈಕಲ್ಲಿಗೆ ಗಾಳಿ ಹೊಡೆಯಲೂ ಅಂಗಡಿಗೇ ಹೋಗುತ್ತಿದ್ದವನು, ಅವನು ಹೋದ ಮೇಲೆ ಅನುಕಂಪದ ಮೇಲೆ ಅವಳಿಗೆ ಕೊಟ್ಟ ನೌಕರಿ, ಮೊದಲ ವರ್ಷ ಸ್ಟೋರಿನಲ್ಲಿ, ಆಮೇಲೆ ಇಲ್ಲಿ, ಶಾಪಿನ ಗಂಡಸರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಕರುಣೈ ಕೇಸ್, ಕರುಣೆಯ ಕೇಸು, ಆ ಹೆಸರು ಅಳಿಸಿಹೋಗಲು ಎಷ್ಟು ಚಕ್ರ ಕಡೆಯಬೇಕಾಯಿತು ಈ ಕೈ, ಒಂದೊಂದು ಜೋಡಿ ಒಂದು ಟನ್ ತೂಗುತ್ತದೆ, ಸವೆದು, ಚಪ್ಪಟೆಯಾಗಿ, ಅಂಚು ಚೂಪಾಗಿ ಬರುತ್ತವೆ, ಯಾವುದನ್ನೂ ಸುಲಭಕ್ಕೆ ಬಿಸಾಡುವುದಿಲ್ಲ, ಮತ್ತೆ ಕಡೆದು, ಮತ್ತೆ ಹೊಸ ರೂಪ ಕೊಟ್ಟು, ಹೋಗು ತಾಯಿ ಅಂತ ಕಳಿಸುವುದು, ಅದನ್ನು ದಿನಾ ಮಾಡುವವಳಿಗೆ ಊಟದ ತಟ್ಟೆಯಷ್ಟಿರುವ ಡಿಸ್ಕಿನ ಬಗ್ಗೆ ಪಾಠವೇ — ಬಿಚ್ಚಿಕೊಡಿ ಅಷ್ಟೇ, ಬಾಕಿ ನಾನು ನೋಡ್ಕೋತೀನಿ, ಅಂದಳು, ದನಿ ಸ್ವಲ್ಪ ಏರಿತ್ತು.

ಏಳುಮಲೈಯ ಲೇತು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಹಳೆಯ ಪರಿಚಯ, ಅರವತ್ತು ದಾಟಿದ ಮನುಷ್ಯ, ಎರಡು ಡಿಸ್ಕನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದಳು, ದಪ್ಪ ಅಳೆಯುವ ತನ್ನದೇ ಮೈಕ್ರೋಮೀಟರನ್ನೂ, ಅಂಚಿನ ತುಕ್ಕು ಉಜ್ಜಿದಾಗ ಕಂಡಿತ್ತು ಅಲ್ಲಿ ಅಚ್ಚೊತ್ತಿದ ಅಕ್ಷರ, ಮಿನ್, ಅಂದರೆ ಕನಿಷ್ಠ, ಆಮೇಲೆ ಹದಿನೆಂಟು, ಎಮ್ಮೆಮ್, ಹೊಸದರಲ್ಲಿ ಇಪ್ಪತ್ತು ಇದ್ದದ್ದು ಈಗ ಹದಿನೆಂಟೂವರೆಯ ಮೇಲೆ ಸ್ವಲ್ಪ, ಸಾಕಲ್ಲ, ಬೇಕಾದಷ್ಟಿದೆ, ಕಟ್ ಕೊಡಿ ಅಣ್ಣಾ ಅಂದಳು, ಎರಕದ ಕಬ್ಬಿಣ ಉಕ್ಕಿನ ಹಾಗೆ ಸುರುಳಿ ಬಿಡುವುದಿಲ್ಲ, ಕಪ್ಪು ಪುಡಿ, ಮೂಗಿನೊಳಗೆಲ್ಲ ಕಪ್ಪು, ಹದಿನೆಂಟು ಪಾಯಿಂಟ್ ಎರಡಕ್ಕೆ ಬಂದಾಗ ಏಳುಮಲೈ ಲೇತು ನಿಲ್ಲಿಸಿ, ಪೋದುಂ ಅಕ್ಕಾ, ಸಾಕು, ಇನ್ನೊಂದೆರಡು ಗೀರು ಉಳಿದಿದೆ, ಇದ್ದರೆ ಇರಲಿ, ಪ್ಯಾಡೇ ಅದನ್ನ ತೇಯ್ದು ಸರಿ ಮಾಡ್ಕೊಳ್ಳುತ್ತೆ, ಇದು ನಿಮ್ಮ ರೈಲ್ ಚಕ್ಕರಂ ಇಲ್ಲೆ, ರೈಲಿನ ಚಕ್ರ ಅಲ್ಲ, ಅಂದ, ಗೀರಿದ್ದ ಕೆಲಸ ನನ್ನ ಕೈಯಿಂದ ಹೊರಗೆ ಹೋಗಲ್ಲ ಅಣ್ಣಾ, ಇನ್ನೊಂದು ಕಟ್, ಅವನು ತಲೆ ಕೆರೆದುಕೊಂಡು ಕೊಟ್ಟ, ಮುಖ ನೋಡಿಕೊಳ್ಳುವ ಹಾಗೆ ಬಂತು, ನಿಜವಾಗಿಯೂ ತನ್ನ ಹಣೆಯ ಬೊಟ್ಟು ಕಂಡಿತು ಅದರಲ್ಲಿ, ಮೈಕ್ರೋಮೀಟರ್ ಹಾಕಿದರೆ ಹದಿನೆಂಟು ಪಾಯಿಂಟ್ ಸೊನ್ನೆ ಎರಡು, ಇನ್ನೊಂದೂ ಅಷ್ಟೇ, ಹದಿನೆಂಟು ಪಾಯಿಂಟ್ ಸೊನ್ನೆ ಎರಡು, ನೋಡಿ ಅಣ್ಣಾ, ಲಿಮಿಟ್ಟಿಗಿಂತ ಇನ್ನೂ ಎರಡು ಮೇಲೆ, ಅಂದಳು, ಎರಡು ಅಂದರೆ ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಎರಡು ಪಾಲು, ಎರಡನ್ನು ನಿಲ್ಲಿಸಬಲ್ಲ ಕೈ ಎಷ್ಟು ಜನಕ್ಕಿದೆ ಈ ಊರಿನಲ್ಲಿ, ಆ ದಿನ ಮನೆಗೆ ನಡೆದು ಹೋಗುವಾಗ ಕಾಲಿಗೆ ನೋವೇ ಇರಲಿಲ್ಲ — ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಿದ ದಿನ ಮೇಸ್ತ್ರಿ ಅವಳ ಕೈಗೆ ಕಬ್ಬಿಣ ಕೊಡಲಿಲ್ಲ, ನಿನ್ನ ತಲೆಯಿಂದ ಒಂದು ಕೂದಲು ಕಿತ್ತು ಅಳಿ ಅಂದರು, ಏಳು ಬಂತು, ನೂರರಲ್ಲಿ ಏಳು, ಸೀರೆಯ ಭುಜದ ಮೇಲೆ ಇನ್ನೊಂದು ಕೂದಲು ಅಂಟಿಕೊಂಡಿತ್ತು, ಬೆಳಿಗ್ಗೆ ಬಿಟ್ಟು ಬರುವಾಗ ಅತ್ತು ಅತ್ತು ಭುಜಕ್ಕೆ ತಲೆ ತಿಕ್ಕಿದ್ದ ಮೂರು ವರ್ಷದ ಅಜಿತನದ್ದು, ಅದನ್ನೂ ಎರಡು ದವಡೆಯ ನಡುವೆ ಇಟ್ಟು ತಿರುಪಿದಳು, ಟಿಕ್ ಟಿಕ್ ಅಂದಾಗ ನಿಲ್ಲಿಸಿ ಓದಿದರೆ ನಾಲ್ಕು, ಮಗುವಿನ ಕೂದಲು ಅಷ್ಟೇನಮ್ಮಾ, ಅಂದರು ಮೇಸ್ತ್ರಿ, ಬೆಳಕಿಗೆ ಹಿಡಿದರೆ ಬಂಗಾರದ ಬಣ್ಣ.

ಎಂಟ್ನೂರ ಮೂವತ್ಮೂರು ಅಕ್ಕಾ. ತಿರುಮಲ ವ್ಯಾಸ ಅಳೆಯುವ ಗೇಜು ಹಿಡಿದು ಚಕ್ರದ ಆ ಬದಿಯಿಂದ ಕೂಗುತ್ತಿದ್ದಾನೆ, ಹೊಸೂರಿನ ಕಡೆಯವನು, ಈ ಶಾಪಿನಲ್ಲಿ ಅವಳ ಜೊತೆ ಕನ್ನಡದಲ್ಲಿ ಮಾತಾಡುವ ಒಬ್ಬನೇ, ಅಳತೆ ಬರೆಯುವುದು ಅವನ ಕೆಲಸ, ಎಂಟ್ನೂರ ಮೂವತ್ಮೂರೇ, ಸರಿಯಾಗಿ ನೋಡೋ, ನೋಡ್ದೆ ಅಕ್ಕಾ, ಎರಡು ಸಲ ನೋಡ್ದೆ, ಅಂಚು ತೀರಾ ಸವೆದಿತ್ತಲ್ಲ, ಕಟ್ ಜಾಸ್ತಿ ಆಗ್ಲೇಬೇಕಿತ್ತು, ಹಾಗಾದರೆ ಮುಗೀತು, ಸೀಮೆಸುಣ್ಣ ಕೊಡು, ಕಂಡಮ್ ಹಾಕ್ತೀನಿ, ಕಂಡಮ್ ಅಂದರೆ ಇನ್ನು ಕೆಲಸಕ್ಕಿಲ್ಲ, ಚಕ್ರದ ಮೇಲೆ ದೊಡ್ಡದಾಗಿ ಒಂದು ಇಂಟು ಗುರುತು, ಎಂಟ್ನೂರ ಮೂವತ್ತೇಳಕ್ಕಿಂತ ಒಂದು ಕಮ್ಮಿಯಾದರೂ ಅದು ಈ ಬಾಗಿಲು ದಾಟುವಂತಿಲ್ಲ, ತಿರುಮಲನಿಗೆ ಹೊಟ್ಟೆ ಉರಿಯುತ್ತದೆ ಇಂಥದಕ್ಕೆಲ್ಲ, ಇಷ್ಟು ಚೆನ್ನಾಗಿ ಬಂದಿದೆ ಅಕ್ಕಾ, ಅದು ಸಾಯೋದು ಎಂಟ್ನೂರ ಇಪ್ಪತ್ತೈದಕ್ಕಲ್ವಾ, ಇನ್ನೂ ಎಂಟು ಮಿಲಿ ಜೀವ ಇದೆ, ಕಳಿಸಿದ್ರೆ ಏನಂತೆ, ನಿಮ್ಮಪ್ಪನ ಗಾಡಿಯೇನೋ ಕಳಿಸೋಕೆ, ಅಂತ ಅವಳು ಸೀಮೆಸುಣ್ಣಕ್ಕೆ ಕೈ ಚಾಚುತ್ತ, ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದನ್ನೇ ಹೇಳಿದಳು, ಜೀವ ಇದ್ರೆ ಸಾಲದು ಕಣೋ, ಸಾಯೋ ನಂಬರ್ ಬೇರೆ, ಕಳಿಸೋ ನಂಬರ್ ಬೇರೆ, ಇಲ್ಲಿಂದ ಆಚೆ ಹೋದದ್ದು ಓಡಿ, ತೇಯ್ದು, ಮತ್ತೆ ಇಲ್ಲಿಗೆ ವಾಪಸ್ ಬರೋವರೆಗೂ ಜೀವ ಇರ್ಬೇಕು, ಅದಕ್ಕೇ ನಾವು ಯಾವಾಗ್ಲೂ — ಯಾವಾಗಲೂ ಏನು, ಯಾವಾಗಲೂ ಕಳಿಸುವ ನಂಬರನ್ನೇ ನೋಡುವುದು, ಹನ್ನೊಂದು ವರ್ಷ ಅವಳ ಕೈಗೆ ಬಂದದ್ದು ಅದೊಂದೇ ನಂಬರು, ಅಲ್ಲಿಯವರೆಗೆ ತೆಗೆ, ಅಲ್ಲಿ ನಿಲ್ಲಿಸು, ಸಾಯುವ ನಂಬರು ಅವಳದ್ದಲ್ಲ, ಅದು ಯಾರ್ಡಿನವರದ್ದು, ಓಡುವ ಗಾಡಿಯನ್ನು ಬಗ್ಗಿ ನೋಡುವವರದ್ದು, ಲೇತಿನ ಮುಂದೆ ನಿಂತವರಿಗೆ ಕಾಣುವ ನಂಬರೆಲ್ಲ ಕಳಿಸುವ ನಂಬರೇ, ಮಿನ್, ಹದಿನೆಂಟು, ತುಕ್ಕು ಉಜ್ಜಿ ಅದು ಕಂಡಾಗ ಕೈ ತಾನಾಗಿ ಅಂದುಕೊಂಡಿತು, ಹದಿನೆಂಟಕ್ಕೆ ನಿಲ್ಲಿಸು, ಯಾರು ಬರೆಯುತ್ತಾರೆ ಕಾರಿನ ಡಿಸ್ಕಿನ ಮೇಲೆ ಕಳಿಸುವ ನಂಬರನ್ನು, ಅಲ್ಲಿ ಬರೆಯುವುದು ಒಂದೇ ನಂಬರು, ಇದಕ್ಕಿಂತ ತೆಳ್ಳಗಾದರೆ ತೆಗೆದು ಎಸೆ ಅನ್ನುವ ನಂಬರು, ಏಳುಮಲೈಗೆ ಗೊತ್ತಿತ್ತು, ಆ ಪ್ರವೀಣನಿಗೂ ಗೊತ್ತಿತ್ತು, ಇದು ನಿಮ್ಮ ರೈಲ್ ಚಕ್ಕರಂ ಇಲ್ಲೆ — ಅಕ್ಕಾ, ಸೀಮೆಸುಣ್ಣ ತಗೊಳ್ಳಿ, ಏನಾಯ್ತು ಅಕ್ಕಾ, ಬಿ.ಪಿ. ಮಾತ್ರೆ ತಗೊಂಡಿಲ್ವಾ ಇವತ್ತು, ಎರಡು ಪಾಲು, ಹದಿನೆಂಟರ ಮೇಲೆ ಅವಳು ಎದೆಯುಬ್ಬಿಸಿ ಉಳಿಸಿದ್ದು ಎರಡು ಪಾಲು, ಪೆರಂಬೂರಿನಿಂದ ಪೂನಮಲ್ಲಿ ದಾಟುವಷ್ಟರಲ್ಲೇ ಸಿಗ್ನಲ್ ಸಿಗ್ನಲ್ಲಿಗೆ ತೇಯ್ದು ಹೋಗಿರುತ್ತದೆ ಆ ಎರಡು, ಈಗ ಬೆಟ್ಟ, ಈಗ ಹದಿನಾಲ್ಕು ತಿರುವು, ತೆಳ್ಳಗಿನ ತವೆ ಬೇಗ ಕಾಯುತ್ತದೆ, ಕಾದದ್ದು ಆರುವುದಿಲ್ಲ, ಕೆಳಗೆ ಒಂದು ಕಾಲು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿಸುತ್ತಿರುವ ಹುಡುಗಿ.

ಮೆಷಿನ್ ಆಫ್ ಮಾಡಿದಳೋ, ಮಾಡಿದಳು, ಕೆಂಪು ಗುಂಡಿ ಒತ್ತಿದ ನೆನಪಿದೆ, ಸೀಮೆಸುಣ್ಣ ಇಸಿದುಕೊಂಡ ನೆನಪಿಲ್ಲ, ಫೋನು ಲಾಕರಿನಲ್ಲಿ, ಮೆಷಿನ್ನಿನ ಹತ್ತಿರ ಫೋನ್ ಇಟ್ಟುಕೊಳ್ಳಬಾರದು, ಒಳ್ಳೆಯ ನಿಯಮ, ತಾನೇ ಎಷ್ಟು ಹೊಸಬರಿಗೆ ಬೈದಿಲ್ಲ, ಲಾಕರ್ ಶಾಪಿನ ಆ ತುದಿಯಲ್ಲಿ, ನೂರಿಪ್ಪತ್ತು ಹೆಜ್ಜೆ, ಎರಡೂ ಕಡೆ ಚಕ್ರ, ಸಾಲಾಗಿ ನಿಂತ ಚಕ್ರ, ಕೆಲವಕ್ಕೆ ಹಸಿರು ಪೇಂಟಿನ ಚುಕ್ಕೆ, ಕೆಲವಕ್ಕೆ ಬಿಳಿ ಇಂಟು, ಓಡಬಾರದು, ಎಣ್ಣೆ ಬಿದ್ದ ನೆಲ, ಏನ್ ಕಲಾವತಿ, ಟೀಗೆ ಇನ್ನೂ ಟೈಮಿದೆಯಲ್ಲ, ಸೆಕ್ಷನ್ ಎಂಜಿನಿಯರ್ ಕೃಷ್ಣರಾಜ್ ಸಾರ್ ತಮ್ಮ ಗಾಜಿನ ಕೋಣೆಯಿಂದ ತಮಿಳಿನಲ್ಲಿ, ಒಂದ್ ಫೋನ್ ಸಾರ್, ಮನೇದು, ಅವರು ಇನ್ನೇನೋ ಅಂದರು, ಹತ್ತುವಾಗ ಏನೂ ಆಗಲಿಲ್ಲವಲ್ಲ, ಹತ್ತುವಾಗ ಬ್ರೇಕ್ ಯಾಕೆ ಬೇಕು, ಆಗಲೇ ಹೊರಟಿಲ್ಲದೆಯೂ ಇರಬಹುದು, ರಚನಾ ಬಿಡುವವಳಲ್ಲ, ಇನ್ನೊಂದು ದೋಸೆ ತಿನ್ನು, ಮಾವಿನಮಿಡಿ ಕಟ್ಟಿಕೊಡ್ತೀನಿ ತಾಳು, ಆ ಮನೆಯಲ್ಲಿ ಹತ್ತೂವರೆ ಅಂದರೆ ಹನ್ನೊಂದೂವರೆ, ಅಜಿತ ಸ್ನಾನಕ್ಕೆ ಹೋದರೆ ಅರ್ಧ ಗಂಟೆ, ದೇವರೇ ಅವನು ಇವತ್ತೂ ಅರ್ಧ ಗಂಟೆ ಮಾಡಿರಲಿ, ಬೀಗದ ಕೈ, ಬೀಗದ ಕೈ ಎಲ್ಲಿ, ಸೊಂಟದಲ್ಲಿ, ಊಟದ ಡಬ್ಬಿಯ ಕೆಳಗೆ ಫೋನು, ಬೆರಳಿನ ಎಣ್ಣೆಗೆ ಪರದೆ ತೆರೆಯುವುದಿಲ್ಲ, ಒರೆಸಿಕೊಳ್ಳಲು ಸೀರೆಯಲ್ಲ ಇದು, ಓವರ್‌ಕೋಟು, ಅದೂ ಎಣ್ಣೆ, ಕೆನ್ನೆಗೆ ಉಜ್ಜಿದಳು ಬೆರಳನ್ನು, ತೆರೆಯಿತು, ರಚನಾಳ ಮೆಸೇಜು, ಹತ್ತೂ ಮೂವತ್ತೈದು, ಹೊರಟ್ರು ಅತ್ತಿಗೆ. ರಿಂಗಾಗುತ್ತಿದೆ, ರಿಂಗಾಗುತ್ತಿದೆ, ಎತ್ತುವುದಿಲ್ಲ, ಗಾಡಿ ಓಡಿಸುವಾಗ ಫೋನ್ ಎತ್ತಿದರೆ ಕೈ ಮುರೀತೀನಿ ಅಂತ ಹೇಳಿದವಳೂ ತಾನೇ.

ಎರಡನೇ ಸಲಕ್ಕೆ ಅಜಿತ್ ಎತ್ತಿದ. ಸೊಲ್ಲು ಮಾ, ಹೇಳು. ಎಲ್ಲಿದೀರೋ. ಒಂಬದಾವದು ಬೆಂಡ್ ಮಾ, ಕೆಳಗಿಂದ ಒಂಬತ್ತನೇ ತಿರುವು, ಮೇಲಿಂದ ಐದು ಮುಗೀತು, ಇಂಗ ಒರೇ ಕೊರಂಗು, ಎಲ್ಲಿ ನೋಡಿದ್ರೂ ಕೋತಿ, ಕಿಟಕಿ ಮುಚ್ಚಿಕೊಂಡು ಹೋಗ್ತಿದೀವಿ, ಗಾಡಿ ಹೇಗಿದೆ, ಗಾಡಿ ಹೇಗಿದೆ ಹೇಳು ಮೊದಲು, ಬ್ರೇಕ್ ಪೋಟ್ಟಾ ಸ್ಟೀರಿಂಗ್ ನಡುಂಗುದು ಮಾ, ಬ್ರೇಕ್ ಹಾಕಿದ್ರೆ ನಡುಗುತ್ತೆ, ಏನೋ ಸುಟ್ಟ ವಾಸನೆ ಬೇರೆ, ನಾನು ಅಕ್ಕಂಗೆ ಹೇಳ್ದೆ ನಿಲ್ಸು ಅಂತ, ಅವಳು ಹೇಳಿದ್ಲು, ಏ, ಅಮ್ಮಾವೇ ಕಟ್ ಪಣ್ಣದು ಡಾ, ಅಮ್ಮನೇ ಕಟ್ ಮಾಡಿಸಿದ್ದು, ಅಮ್ಮ ಅಳೆದಿದ್ದಾಳೆ ಅಂದ್ರೆ ಅಳೆದಿದ್ದಾಳೆ, ಒಣ್ಣುಂ ಆಗಾದು, ಏನೂ ಆಗಲ್ಲ — ಅಮ್ಮ ಅಳೆದಿದ್ದಾಳೆ ಅಂದರೆ ಅಳೆದಿದ್ದಾಳೆ, ಸ್ಪೀಕರ್ ಹಾಕೋ, ಸ್ಪೀಕರ್ ಹಾಕು, ಚಿನ್ನೀ ಕೇಳಿಸ್ತಿದೆಯಾ, ಮಾ, ಓಡಿಸ್ತಿದೀನಿ ಮಾ, ಅಪ್ಪುರಂ ಪೇಸಲಾಂ, ಆಮೇಲೆ ಮಾತಾಡೋಣ, ಆಮೇಲೆ ಬೇಡ, ಈಗ ಕೇಳು, ಎರಡನೇ ಗೇರಿಗೆ ಹಾಕು, ಹಾಕಿದೆಯಾ, ಎಂಜಿನ್ ಕೂಗಿದರೆ ಕೂಗಲಿ, ಬ್ರೇಕ್ ಮೇಲಿಂದ ಕಾಲು ತೆಗಿ, ಈಗ ಮೊದಲನೇ ಗೇರು, ಬೆಟ್ಟದ ಗೋಡೆಯ ಕಡೆಗೇ ಹೋಗು, ಕಣಿವೆಯ ಕಡೆಗಲ್ಲ, ಗೋಡೆಗೆ ಉಜ್ಜಿದರೂ ಚಿಂತೆಯಿಲ್ಲ, ಬಣ್ಣ ಹೋದರೆ ಹೋಗಲಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳಿ, ಒಂದೇ ಸಲ ಎಳೀಬೇಡ, ಮಾ, ಪೆಡಲ್ ಉಳ್ಳೆ ಪೋಗುದು, ಮಾ, ಪೆಡಲ್ ಕೆಳಗೇ ಹೋಗ್ತಿದೆ, ನಿಲ್ತಾ ಇಲ್ಲ, ಚಿನ್ಮಯಿಯ ದನಿ ಇದ್ದಕ್ಕಿದ್ದ ಹಾಗೆ ಕನ್ನಡಕ್ಕೆ ಬಂದಿತ್ತು, ಆರು ವರ್ಷದವಳ ದನಿ, ಮೆಟ್ಟಿಲಿಂದ ಬಿದ್ದಾಗಿನ ದನಿ, ಆಮೇಲೆ ಒಂದು ಉದ್ದ ಹಾರನ್ನು, ಯಾರದೋ ಬಸ್ಸಿನದು, ಆಮೇಲೆ ಏನೂ ಇಲ್ಲ, ಪರದೆಯ ಮೇಲೆ ಕಾಲ್ ಎಂಡೆಡ್ ಅಂತ ಎರಡು ಪದ.

ಬೆಟ್ಟದಲ್ಲಿ ಸಿಗ್ನಲ್ ಹೋಗುತ್ತದೆ, ತಿರುವಿನಲ್ಲಿ ಹೋಗುತ್ತದೆ, ಅದು ಸಹಜ, ಮತ್ತೆ ಮಾಡಿದಳು, ತಲುಪಲು ಸಾಧ್ಯವಿಲ್ಲ ಅನ್ನುತ್ತದೆ ತಮಿಳಿನಲ್ಲಿ ಒಬ್ಬಳು, ಬಹಳ ಮರ್ಯಾದೆಯಿಂದ, ಮತ್ತೆ ಮಾಡಿದಳು, ಲಾಕರಿನ ತಗಡಿನ ಬಾಗಿಲು ಫ್ಯಾನಿನ ಗಾಳಿಗೆ ಟಪ್ ಟಪ್ ಬಡಿದುಕೊಳ್ಳುತ್ತಿದೆ, ಹಿಡಿದು ನಿಲ್ಲಿಸಿದಳು, ಒಂದು ನಿಮಿಷ, ಹನ್ನೊಂದು ವರ್ಷದಲ್ಲಿ ಇವಳು ಕಳಿಸಿದ ಚಕ್ರದ ಮೇಲೆ ಎಷ್ಟು ಊರಿಗೆ ಎಷ್ಟು ಜನ ಹೋಗಿಲ್ಲ, ಮಲಗಿ ಹೋಗಿದ್ದಾರೆ, ಕೆಳಗೆ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ, ಯಾರೋ ಅಳೆದಿದ್ದಾರೆ ಅಂದರೆ ಅಳೆದಿದ್ದಾರೆ, ಎರಡು ನಿಮಿಷ, ಸಾರನ್ನ ಕರ್ಕೊಂಡು ಬನ್ನಿ ಅಂದನಲ್ಲ, ಅಷ್ಟೇ, ಆ ಒಂದು ಮಾತು, ಅದು ಇಲ್ಲದಿದ್ದರೆ ಹೊಸದು ಹಾಕಿಸಿಬಿಡುತ್ತಿದ್ದಳೋ ಏನೋ, ಇಲ್ಲ, ಸುಳ್ಳು, ಪ್ರವೀಣನ ಮೇಲೆ ಹಾಕಬೇಡ, ಏಳುಮಲೈ ಕೂಡ ಹೇಳಿದನಲ್ಲ, ಅವನು ಅಕ್ಕಾ ಅಂತಲೇ ಹೇಳಿದ, ಅಲ್ಲೂ ಕೇಳಲಿಲ್ಲ, ಇನ್ನೊಂದು ಕಟ್, ಬೊಟ್ಟು ಕಾಣಬೇಕಿತ್ತು ಇವಳಿಗೆ, ಮೂರು ನಿಮಿಷ, ನಾಲ್ಕು, ಫೋನು ಕೈಯಲ್ಲಿ ನಡುಗಿತು, ಮೊದಲು ಬಂದದ್ದು ಫೋಟೋ, ಅಜಿತನಿಗೆ ಏನಾದರೂ ಮೊದಲು ಫೋಟೋ, ಅಲಾಯ್ ಚಕ್ರದ ಕಡ್ಡಿಗಳ ನಡುವೆ ಡಿಸ್ಕು, ಸುತ್ತ ತೆಳ್ಳಗೆ ಹೊಗೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಮುಖದ ಮೇಲೆ ಈಗ ಅಗಲವಾದ ಉಂಗುರ, ನೀಲಿ, ನವಿಲುಗರಿಯ ನೀಲಿ, ಚಕ್ರ ನೀಲಿಯಾದರೆ ಕೆಟ್ಟೆ ಅಂತ ತಿಳ್ಕೋ, ಅದರ ಹಿಂದೆಯೇ ಚಿನ್ಮಯಿಯ ಕರೆ, ನಿಂತಿದೆ ಮಾ, ಗೋಡೆಗೆ ತಾಗಿಸಿ ನಿಲ್ಲಿಸಿದೆ, ಕನ್ನಡಿ ಹೋಯ್ತು ಎಡಗಡೆದು, ನಮಗೇನೂ ಆಗಿಲ್ಲ, ಅಜಿತ್ ಚಕ್ರಕ್ಕೆ ಕಲ್ಲಿಡ್ತಿದಾನೆ, ಬಸ್ಸಿನವರು ನಿಲ್ಲಿಸಿ ನೀರು ಕೊಟ್ರು, ನೀನ್ ಅಳ್ತಿದೀಯಾ, ಇಲ್ಲ, ಎಣ್ಣೆ, ಕಣ್ಣಿಗೆ ಎಣ್ಣೆ ಹೋಯ್ತು, ಚಿನ್ಮಯಿ ಉಸಿರು ಬಿಟ್ಟಳು, ಉದ್ದದ ಉಸಿರು, ಆಮೇಲೆ ಕೇಳಿದಳು, ಹಳೇ ದನಿ ಆಗಲೇ ಅರ್ಧ ವಾಪಸ್ ಬಂದಿತ್ತು, ಸರಿ ಮಾ, ಒಂದ್ ಗಂಟೆ ಆರಲಿ, ಆಮೇಲೆ ಮೆದುವಾ, ಮೆಲ್ಲಗೆ ಇಳಿಸ್ಬಿಡ್ಲಾ, ನೀ ಸೊಲ್ಲು, ನೀನು ಹೇಳಿದ್ರೆ ಇಳಿಸ್ತೀನಿ — ಹೇಳಿದರೆ ಇಳಿಸುತ್ತಾಳೆ, ಈಗಲೂ, ಆ ನೀಲಿ ಉಂಗುರ ನೋಡಿದ ಮೇಲೂ ಅಮ್ಮ ಹೇಳಿದರೆ ಇಳಿಸುತ್ತಾಳೆ, ಬೇಡ, ಒಂದಡಿಯೂ ಬೇಡ, ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬನ್ನಿ, ಏನ್ ಮಾ, ನೀನೇ ಪಾತ್ತಿಯೇ, ನೀನೇ ನೋಡಿದ್ಯಲ್ಲ, ನಾನೇ ನೋಡಿದ್ದು, ನೋಡಿದ್ದೇ ತಪ್ಪು, ಹೊರಗೆ ಕಳಿಸಬಾರದಾಗಿತ್ತು ಅದನ್ನ, ಕಂಡಮ್ ಅದು, ಕೇಳಿಸಿತಾ ಚಿನ್ನೀ, ನಾನು ಕಂಡಮ್ ಆಗಿದ್ದನ್ನ ಹಾಕಿ ಕಳಿಸಿದೆ ನಿಮ್ಮನ್ನ, ಆ ಕಡೆ ಗಾಳಿಯ ಸದ್ದು, ಕೋತಿಗಳ ಕಿರುಚಾಟ, ಆಮೇಲೆ ಮಗಳು ಮೆಲ್ಲಗೆ, ಸರಿ ಮಾ, ಅಂದಳು, ಅಷ್ಟೇ, ಸರಿ ಮಾ, ಫೋನ್ ಇಟ್ಟಳು, ಇನ್ನು ಮುಂದೆ ಅವಳು ತಾನೇ ಬಗ್ಗಿ ನೋಡುತ್ತಾಳೆ, ನೋಡಲಿ, ನೋಡುವುದೇ ಒಳ್ಳೆಯದು, ತಿರುಮಲ ಬಂದು ನಿಂತಿದ್ದಾನೆ, ಅಕ್ಕಾ, ಆ ಚಕ್ರಕ್ಕೆ ಇಂಟು ಹಾಕ್ಲೇ ಇಲ್ಲ ನೀವು, ನಾನೇ ಹಾಕ್ಲಾ, ಸೀಮೆಸುಣ್ಣ ಅವಳ ಮುಷ್ಟಿಯಲ್ಲೇ ಇತ್ತು, ಪುಡಿಯಾಗಿತ್ತು, ಎರಡು ಪಾಲು, ಎರಡು ಅಂದರೆ ಎಷ್ಟು ಅಂತ ಆ ದಿನ ಯೋಚಿಸಲೇ ಇಲ್ಲ, ಮೈಕ್ರೋಮೀಟರಿನ ಎರಡು ದವಡೆ, ನಡುವೆ ಕೂದಲು, ಟಿಕ್ ಟಿಕ್, ನಾಲ್ಕು, ಮೂರು ವರ್ಷದ ಅಜಿತನ ಕೂದಲು ನಾಲ್ಕು, ತಾನು ಉಳಿಸಿದ್ದು ಅದರಲ್ಲಿ ಅರ್ಧ, ಉದ್ದಕ್ಕೆ ಸೀಳಿದರೆ ಅರ್ಧ, ಬೆಳಕಿಗೆ ಹಿಡಿದರೆ ಬಂಗಾರದ ಬಣ್ಣ, ಅರ್ಧ, ಆ ಕೂದಲು, ಅರ್ಧ —